ಮಹಡಿಯ ಕೋಣೆಯಲ್ಲಿ ಹೋಂ ಥಿಯೇಟರ್

ಪ್ರಶ್ನೆ: ಮಹಡಿಯ 10×12 ಅಡಿ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಹೋಂ ಥಿಯೇಟರ್ ಮಾಡಿಕೊಳ್ಳುವ ಆಸೆಯಿದೆ. 100 ಇಂಚಿನ ಪರದೆ ಸರಿಹೋಗುತ್ತದೆಯೇ? ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರತಿಧ್ವನಿ ನಿಲ್ಲುವುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪರದೆಯ ಕರ್ಣದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಕುಳಿತರೆ ಕಣ್ಣಿಗೆ ಹಿತ, ಆ ಲೆಕ್ಕದಲ್ಲಿ 10 ಅಡಿ ದೂರಕ್ಕೆ 80 ಇಂಚು ಸಾಕು. ಪರದೆಯನ್ನು ಕೊಳ್ಳಲೇಬೇಕೆಂದಿಲ್ಲ, ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೂ ಆಗುತ್ತದೆ. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಹೊಮ್ಮಿಸಲಾರದು, ಬೆಳಕು ಬೀಳದ ಜಾಗವೇ ಅದರ ಪಾಲಿನ ಕಪ್ಪು. ಆದ್ದರಿಂದ ಮೊದಲ ಹಣವನ್ನು ದಪ್ಪ ಕರ್ಟನ್‌ಗೂ, ಚಾವಣಿಗೆ ಬಳಿಯುವ ಗಾಢ ಬಣ್ಣಕ್ಕೂ ಖರ್ಚು ಮಾಡಿ.

ಮೊಟ್ಟೆಯ ಟ್ರೇಯ ಸಹವಾಸ ಬೇಡ. ಆ ತೆಳುವಾದ ರಟ್ಟು ಕೀರಲು ಸದ್ದನ್ನು ಒಂದಿಷ್ಟು ತಗ್ಗಿಸಬಹುದೇ ಹೊರತು ಬಾಸ್‌ನ ಗುಂಯ್‌ಗುಡುವಿಕೆಯನ್ನು ತಡೆಯುವುದಿಲ್ಲ, ಮೇಲಾಗಿ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ನೆಲಕ್ಕೆ ದಪ್ಪ ಜಮಖಾನ, ಹಿಂಬದಿಯ ಗೋಡೆಗೆ ಪುಸ್ತಕ ತುಂಬಿದ ಕಪಾಟು, ಕೂರಲು ಹತ್ತಿಯ ಹಾಸಿಗೆ ಇದ್ದರೆ ಪ್ರತಿಧ್ವನಿ ಬಹುಮಟ್ಟಿಗೆ ಅಡಗುತ್ತದೆ. ಅಗ್ಗದ ಐದು ಸ್ಪೀಕರುಗಳಿಗಿಂತ ಒಳ್ಳೆಯ ಎರಡೇ ಮೇಲೆಂಬುದು ನನ್ನ ಅಭಿಪ್ರಾಯ. ಅವನ್ನು ಮೂಲೆಗೆ ತಳ್ಳದೆ, ಕುಳಿತವರ ಕಿವಿಯ ಎತ್ತರದಲ್ಲಿಡಿ. ಪ್ರೊಜೆಕ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ, ಆನ್ಸಿ ಲ್ಯೂಮೆನ್ಸ್ (ಪ್ರೊಜೆಕ್ಟರ್ ಬೆಳಕಿನ ಪ್ರಮಾಣಿತ ಅಳತೆ) ಎಷ್ಟೆಂದು ಕೇಳಿ.