ಕೋಣೆ ಹಿಡಿಯುವ ಮೊದಲು ಗೋಡೆಯ ಬುಡ ನೋಡು

ತಮ್ಮಾ, ‘ಮುಂದಿನ ತಿಂಗಳು ಸೌದಿಯ ರಿಯಾದಿಗೆ ಹೊರಟಿದ್ದೇನೆ, ನೆಲಮಾಳಿಗೆಯ ಕೋಣೆ ಅಗ್ಗಕ್ಕೆ ಸಿಗುತ್ತಿದೆ, ಮರುಭೂಮಿಯಲ್ಲಿ ನೀರಿಗೆ ಏನು ಗತಿ?’ ಎಂದು ಕೇಳಿದ್ದೀಯ. 18 ವರ್ಷದಿಂದ ಅಲ್ಲಿರುವವನು ನಾನು. ಈಗ ರಜೆಗೆ ಕಾರಟಗಿಗೆ ಬಂದಿದ್ದೇನೆ. ನಲ್ಲಿ ನೀರಿನ ಚಿಂತೆ ಬಿಡು. ಆ ಕೋಣೆಯನ್ನು ಮಾತ್ರ ನೋಡದೆ ಹಿಡಿಯಬೇಡ.

ರಿಯಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ನಮ್ಮ ಕಡೆಯ ಬರಗಾಲವೂ ಅದಕ್ಕಿಂತ ವಾಸಿ. ಆದರೂ ಹಲವು ಬಡಾವಣೆಗಳ ಅಡಿಯಲ್ಲಿ ಅಂತರ್ಜಲ ಮೇಲೇರಿ ಕುಳಿತಿದೆ. ಸುಮಾರು 400 ಕಿ.ಮೀ. ದೂರದ ಜುಬೈಲ್ ಕಡಲತೀರದಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕೊಳವೆಯಲ್ಲಿ ರಿಯಾದಿಗೆ ತರುತ್ತಾರೆ. ಕೊಳವೆಗಳಿಂದ ಸೋರಿದ್ದು, ಮಲಗುಂಡಿಗಳಿಂದ ಇಂಗಿದ್ದು, ತೋಟಗಳಿಗೆ ಬಿಟ್ಟು ಹೆಚ್ಚಾದದ್ದು ಎಲ್ಲವೂ ನೆಲಕ್ಕಿಳಿದು, ಬಂದಷ್ಟು ಬೇಗ ಸರಿದುಹೋಗಲಾರದೆ ನಿಲ್ಲುತ್ತದೆ. ಅದರಲ್ಲಿ ಕರಗಿದ ಲವಣ ಅಡಿಪಾಯದ ಕಾಂಕ್ರೀಟನ್ನೂ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ.

ಸಿಂಧನೂರಿನ ನಿನಗೆ ಇದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಟ್ಟಿ ವರ್ಷಕ್ಕೆರಡು ಬೆಳೆ ಭತ್ತ ಬೆಳೆದೆವು, ಹೆಚ್ಚಾದ ನೀರು ಹೊರಹೋಗಲು ಬಸಿಗಾಲುವೆ ತೆಗೆಯಲಿಲ್ಲ. ನಮ್ಮ ತಗ್ಗಿನ ಹೊಲ ನೀರು ನಿಂತು ಜವಳು ಹಿಡಿಯಿತು. ಇಂದು ಬೆಳಿಗ್ಗೆ ಹೋಗಿ ನೋಡಿದೆ: ಬದುವಿನ ಪಕ್ಕ ಸವಳು, ಅಂದರೆ ನೆಲದ ಉಪ್ಪು, ಬೆಳ್ಳಗೆ ಕೂತಿದೆ, ಕಾಲಿಟ್ಟರೆ ಮೇಲೆ ಪುಡಿ, ಅಡಿಯಲ್ಲಿ ಕೆಸರು. ಅಪ್ಪ ಅಲ್ಲಿ ಉತ್ತಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ರಿಯಾದಿನ ನನ್ನ ಮೊದಲ ಕೋಣೆಯ ಗೋಡೆಯಲ್ಲೂ ಅದೇ ಬಿಳುಪಿತ್ತು, ನೆಲದಿಂದ ಗೇಣುದ್ದದವರೆಗೆ. ಬಣ್ಣ ಬಳಿದರೆ ತಿಂಗಳೊಳಗೆ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ಹಾಸಿಗೆ ಎತ್ತಿದರೆ ಅಡಿ ಒದ್ದೆ. ಎರಡು ವರ್ಷ ಕೆಮ್ಮಿದೆ. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ನಿನಗೆ ಆ ಗತಿ ಬರಬಾರದು.

ಕಪಾಟು ಸರಿಸಿ ಗೋಡೆಯ ಬುಡ ನೋಡು. ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣವಿದ್ದರೆ ನಂಬಬೇಡ. ಕಟ್ಟಡದ ತಳದಲ್ಲಿ ನೀರೆತ್ತುವ ಪಂಪು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆಂದು ಕಾವಲುಗಾರನನ್ನು ಕೇಳು. ಮಾಲೀಕ ಹೇಳದ್ದನ್ನು ಅವನು ಹೇಳುತ್ತಾನೆ. ಹಗಲೂ ರಾತ್ರಿಯೂ ಓಡುತ್ತಿದ್ದರೆ, ಬಾಡಿಗೆ ಹೆಚ್ಚಾದರೂ ಮೇಲಿನ ಮಹಡಿಯನ್ನೇ ಹಿಡಿ.

ಹೀಗೆ ಎತ್ತಿದ ನೀರಿನಲ್ಲಿ ಬಹಳಷ್ಟು ಹನೀಫಾ ಕಣಿವೆಗೆ ಸೇರುತ್ತದೆ. ರಿಯಾದಿನ ದಕ್ಷಿಣಕ್ಕೆ ಅಲ್ಲಿ ವರ್ಷವಿಡೀ ನೀರು ಹರಿಯುತ್ತದೆ, ದಡದಲ್ಲಿ ಜೊಂಡು ಬೆಳೆದಿದೆ. ಊರು ನೆನಪಾದಾಗ ಶುಕ್ರವಾರ ನಾನು ಹೋಗಿ ಕೂರುವುದು ಅಲ್ಲಿಯೇ. ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ.

ಕೋಣೆಯ ವಿಳಾಸ ಕಳುಹಿಸು. ನಾನು ಮುಂದಿನ ವಾರ ಮರಳುತ್ತೇನೆ, ಹೋಗಿ ನೋಡಿ ತಿಳಿಸುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡ.