ಮೋಟರ್‌ಹೋಮ್‌ನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸಬಹುದೇ?

2014ರ ಫೋರ್ಡ್ ಇ-450 ಷಾಸಿಯ (ವಾಹನದ ತಳಚೌಕಟ್ಟು) ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮೊಂದನ್ನು, ಅಂದರೆ ವ್ಯಾನಿನ ಮುಂಭಾಗವನ್ನು ಉಳಿಸಿಕೊಂಡು ಹಿಂದೆ ಮನೆ ಕಟ್ಟಿದ ವಾಹನವನ್ನು, ಅಮೆರಿಕದ ಓಹಾಯೋದಲ್ಲಿ ಹಳೆಯದಾಗಿ ಕೊಂಡಿದ್ದೀರಿ. ವರ್ಷಕ್ಕೆ ಎರಡು ಸಾವಿರ ಮೈಲಿಯೂ ಓಡದ ಆ ವಾಹನದ ಆಯಿಲನ್ನು ಸ್ವತಃ ಬದಲಿಸಬಹುದೇ, ಮೈಲಿ ತುಂಬುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಎರಡನೆಯದಕ್ಕೆ ಬೇಡ. ಇದೇ ಷಾಸಿಯ ವಾಹನವನ್ನು ನಾನೂ ಇಟ್ಟುಕೊಂಡಿದ್ದು, ಅದರ ಆಯಿಲ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.

ಮೈಲಿಯ ಲೆಕ್ಕ ದಿನವೂ ಓಡುವ ಕಾರಿಗೆ ಸರಿಹೊಂದುತ್ತದೆ. ಮೋಟರ್‌ಹೋಮ್ ವರ್ಷದ ಬಹುಕಾಲ ನಿಂತಲ್ಲೇ ನಿಂತಿರುತ್ತದೆ, ಹೊರಟಾಗ ಮಾತ್ರ ಮೈತುಂಬ ಭಾರ ಹೊತ್ತು ಹೊರಡುತ್ತದೆ. ನಿಮ್ಮ ವಾಹನಕ್ಕೆ ಅನುಮತಿಸಿದ ಗರಿಷ್ಠ ತೂಕವೇ 14,500 ಪೌಂಡ್, ಅಂದರೆ ಸುಮಾರು ಆರೂವರೆ ಟನ್. ಉರಿದ ಪೆಟ್ರೋಲಿನಿಂದ ಹುಟ್ಟುವ ನೀರಿನಂಶವೂ ಆಮ್ಲಗಳೂ ಆಯಿಲಿನಲ್ಲಿ ಸೇರಿಕೊಂಡು, ವಾಹನ ನಿಂತಿರುವ ತಿಂಗಳುಗಳಲ್ಲಿ ಬೇರಿಂಗುಗಳ ಮೇಲೆಯೇ ಕುಳಿತಿರುತ್ತವೆ. ಆದ್ದರಿಂದ ಓಡೋಮೀಟರ್ ಏನೇ ಹೇಳಲಿ, ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಬೇಕು. ಚಳಿಗಾಲಕ್ಕೆ ವಾಹನವನ್ನು ನಿಲ್ಲಿಸುವ ಮುನ್ನ ಬದಲಿಸಿ, ಹೊಸ ಆಯಿಲ್ ಎಲ್ಲೆಡೆ ಹರಿಯುವಷ್ಟು ಹೊತ್ತು ಎಂಜಿನ್ ಓಡಿಸಿ ನಿಲ್ಲಿಸುವುದು ಒಳ್ಳೆಯದು. ವಸಂತದಲ್ಲಿ ನೋಡಿಕೊಳ್ಳೋಣ ಎಂದು ಮುಂದೂಡಿದರೆ ಕೊಳೆಯಾದ ಆಯಿಲನ್ನೇ ಇಡೀ ಚಳಿಗಾಲ ಒಳಗೆ ಕಾಪಾಡಿದಂತಾಗುತ್ತದೆ.

ಕೆಲಸ ಕಷ್ಟದ್ದಲ್ಲ, ಅದಕ್ಕೆ ತಕ್ಕ ಜಾಗ ಸಿಗುವುದು ಕಷ್ಟ. ಸುಮಾರು ಹನ್ನೊಂದು ಅಡಿ ಎತ್ತರದ ವಾಹನ ಸಾಮಾನ್ಯ ಆಯಿಲ್ ಅಂಗಡಿಗಳ ಬಾಗಿಲಿನಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಅದರ ತೂಕಕ್ಕೆ ಅವರು ಹಿಂಜರಿಯುತ್ತಾರೆ. ನಾನು ಸ್ವತಃ ಮಾಡತೊಡಗಿದ್ದಕ್ಕೆ ಹಣ ಉಳಿಸುವ ಆಸೆಗಿಂತ ಇದೇ ದೊಡ್ಡ ಕಾರಣ. ಮನೆಯ ಮುಂದೆ ಸಮತಟ್ಟಾದ ಕಾಂಕ್ರೀಟ್ ನೆಲವಿದ್ದರೆ ಸಾಕು. ಬಹುತೇಕ ಕ್ಯಾಂಪ್‌ಗ್ರೌಂಡುಗಳು ಇಂಥ ಕೆಲಸಕ್ಕೆ ಅನುಮತಿ ಕೊಡುವುದಿಲ್ಲ; ಕೆಲವು ವಸತಿ ಸಂಘಗಳ ನಿಯಮಗಳೂ ಹಾಗೆಯೇ ಇರುತ್ತವೆ, ಮೊದಲೇ ಓದಿಕೊಳ್ಳಿ. ಈ ಷಾಸಿ ನೆಲದಿಂದ ಸಾಕಷ್ಟು ಎತ್ತರದಲ್ಲಿರುವುದರಿಂದ ಜಾಕ್ ಹಾಕದೆಯೇ ಕೆಳಗೆ ನುಸುಳಬಹುದು. ವಾಹನವನ್ನು ಸಮವಾಗಿ ನಿಲ್ಲಿಸಲು ಕೊಟ್ಟಿರುವ ಲೆವೆಲಿಂಗ್ ಜಾಕುಗಳ ಮೇಲೆ ಎತ್ತಿ ಅದರಡಿ ಮಲಗುವ ಯೋಚನೆಯನ್ನಂತೂ ಮಾಡಲೇಬೇಡಿ. ಅವು ಮನುಷ್ಯನ ಜೀವಕ್ಕೆ ಆಧಾರವಾಗಲೆಂದು ಮಾಡಿದವಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೆಳಗೆ ಹೋಗಿ.

ನಿಮ್ಮದು 6.8 ಲೀಟರಿನ ಟ್ರೈಟನ್ ವಿ10 (ಹತ್ತು ಸಿಲಿಂಡರಿನ) ಎಂಜಿನ್. ಅದಕ್ಕೆ 5ಡಬ್ಲ್ಯೂ-20 ದರ್ಜೆಯ (ಆಯಿಲ್ ಎಷ್ಟು ತೆಳು ಎಂದು ಹೇಳುವ ಗುರುತು) ಆಯಿಲ್ ಫಿಲ್ಟರ್ ಸಮೇತ 6 ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್ ಬೇಕು. ಮೋಟರ್‌ಕ್ರಾಫ್ಟ್‌ನವರ ಎಫ್‌ಎಲ್-820ಎಸ್ ಫಿಲ್ಟರ್ ಇದಕ್ಕೆ ಹೊಂದುತ್ತದೆ. ಇಷ್ಟು ದೊಡ್ಡ ವಾಹನಕ್ಕೆ ಬೇಕಾಗುವ ಆಯಿಲ್ ಒಂದು ಕಾರಿನದ್ದಕ್ಕಿಂತ ಹೆಚ್ಚೇನೂ ಅಲ್ಲ ಎಂಬುದು ಹೊಸಬರಿಗೆ ಅಚ್ಚರಿಯ ಸಂಗತಿ. ಸ್ವಲ್ಪ ದೂರ ಓಡಿಸಿಕೊಂಡು ಬಂದು, ಕೈ ಸುಡದಷ್ಟು ಆರಲು ಬಿಟ್ಟು, ಬಿಸಿ ಇನ್ನೂ ಉಳಿದಿರುವಾಗಲೇ ಇಳಿಸಿದರೆ ಆಯಿಲ್ ತೆಳುವಾಗಿ, ಕೊಳೆಯನ್ನೂ ಜೊತೆಗೆ ತೆಗೆದುಕೊಂಡು ಬರುತ್ತದೆ. ಆಯಿಲ್ ಇಳಿಸಲು ಎಂಜಿನ್ನಿನ ಅಡಿಯಲ್ಲಿರುವ ಡ್ರೈನ್ ಪ್ಲಗ್ಗನ್ನು ಸಡಿಲಿಸುವ ಮೊದಲು, ಮೇಲೆ ಆಯಿಲ್ ಸುರಿಯುವ ಮುಚ್ಚಳ ಸಲೀಸಾಗಿ ತೆರೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ಲಗ್ಗಿನ ರಬ್ಬರ್ ಉಂಗುರ ಹರಿದಿದ್ದರೆ ಪ್ಲಗ್ಗನ್ನೇ ಬದಲಿಸಿ, ಮರಳಿ ಹಾಕುವಾಗ ಬಲ ಪ್ರಯೋಗಿಸಬೇಡಿ. ಫಿಲ್ಟರ್ ಬಿಚ್ಚಿದಾಗ ಅದರ ಆಯಿಲ್ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಸೋರಿ ಗಲೀಜಾಗುತ್ತದೆ. ದಪ್ಪ ರಟ್ಟನ್ನು ದೋಣಿಯಂತೆ ಮಡಿಸಿ ಅಡಿಯಲ್ಲಿ ತೂರಿಸಿದರೆ ಅದು ನೇರವಾಗಿ ತೊಟ್ಟಿಗೆ ಹರಿಯುತ್ತದೆ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅದರ ಜೊತೆಯಲ್ಲೇ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ಕೂರಿಸಿದರೆ, ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಇದ್ದಬದ್ದ ಆಯಿಲೆಲ್ಲ ನಿಮಿಷಗಳಲ್ಲಿ ಹೊರಗೆ ಹೋಗಬಹುದು. ಹೊಸ ಫಿಲ್ಟರಿನ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ, ಅದು ಮುಟ್ಟಿದ ಮೇಲೆ ಮುಕ್ಕಾಲು ಸುತ್ತಿನಷ್ಟು ಕೈಯಿಂದಲೇ ಬಿಗಿಮಾಡಿ. ಆಯಿಲ್ ತುಂಬಿ ಎಂಜಿನ್ ಓಡಿಸಿ, ಸೋರಿಕೆ ಇಲ್ಲವೆಂದು ಕಂಡ ಮೇಲೆ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಕಡ್ಡಿಯನ್ನು ನೋಡಿ.

ಆಯಿಲ್ ಪೂರ್ತಿ ಬಸಿಯುವ ಹೊತ್ತನ್ನು ಸುಮ್ಮನೆ ಕಳೆಯಬೇಡಿ. ಟಾರ್ಚ್ ಹಿಡಿದು ಬ್ರೇಕಿನ ಕೊಳವೆಗಳು, ಕೊಳಚೆ ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳು, ಟೈರುಗಳ ಒಳಬದಿ ಎಲ್ಲವನ್ನೂ ನೋಡಿಬಿಡಿ. ನಿಂತ ವಾಹನಗಳಲ್ಲಿ ಇಲಿಗಳು ವೈರುಗಳನ್ನು ಕಡಿಯುವುದು ಇಲ್ಲಿ ಬಹು ಸಾಮಾನ್ಯ. ಅಂಗಡಿಯವರು ಆಯಿಲ್ ಬದಲಿಸಿ ಕಳಿಸುತ್ತಾರೆಯೇ ಹೊರತು ಇದನ್ನೆಲ್ಲ ನಿಮ್ಮಷ್ಟು ಆಸ್ಥೆಯಿಂದ ನೋಡುವುದಿಲ್ಲ.

ಹಳೆಯ ಆಯಿಲನ್ನು ಖಾಲಿಯಾದ ಡಬ್ಬಗಳಿಗೇ ತುಂಬಿ ಆಟೋಜೋನ್ ಅಥವಾ ಒ'ರೈಲಿಯಂಥ ಬಿಡಿಭಾಗದ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಉಚಿತವಾಗಿಯೇ ತೆಗೆದುಕೊಳ್ಳುತ್ತಾರೆ. ಒಂದು ಫೋನ್ ಮಾಡಿ ಹೋಗಿ. ಅದರಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಅಥವಾ ಪೆಟ್ರೋಲ್ ಬೆರೆತಿದ್ದರೆ ಅವರು ಮುಟ್ಟುವುದಿಲ್ಲ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ, ಹಾಗಾಗಿ ಚರಂಡಿಯ ಮಾತೇ ಬೇಡ. ಹಳೆಯ ವಾಹನ ಕೊಂಡವರು ಮೊದಲ ಸಲ ಬಸಿಯುವಾಗ ಸ್ವಲ್ಪ ಆಯಿಲನ್ನು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರುವ ಬ್ಲ್ಯಾಕ್‌ಸ್ಟೋನ್ ಪ್ರಯೋಗಾಲಯಕ್ಕೆ ಕಳುಹಿಸುವುದುಂಟು. ಅದರಲ್ಲಿರುವ ಲೋಹದ ಅಂಶಗಳನ್ನು ಅಳೆದು ಅವರು ಕೊಡುವ ವರದಿಯಿಂದ, ಹಿಂದಿನ ಒಡೆಯರು ಹೇಳದೆ ಉಳಿಸಿದ್ದು ತಿಳಿಯುವ ಸಂಭವವಿದೆ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು: ನಿಮ್ಮ ವಾಹನದಲ್ಲಿರುವ ಎಂಜಿನ್‌ಗಳು ಎರಡು. ಪಕ್ಕದ ಪೆಟ್ಟಿಗೆಯಲ್ಲಿ ಬಹುಶಃ ಓನಾನ್ 4000 ಜನರೇಟರ್ ಇರುತ್ತದೆ. ಅದು ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರಿನ ಎಂಜಿನ್. ಅದರಲ್ಲಿ ಹಿಡಿಯುವುದು ಒಂದೂವರೆ ಲೀಟರಿನಷ್ಟು ಆಯಿಲ್, ಆಯಿಲ್ ಫಿಲ್ಟರ್ ಇಲ್ಲ. ಬೇಸಗೆಯಲ್ಲಿ ರಾತ್ರಿಯಿಡೀ ಎ.ಸಿ. ಓಡಿಸಿದಾಗ ದುಡಿಯುವುದು ಇದೇ ಪುಟ್ಟ ಎಂಜಿನ್, ಆದರೆ ಅದರ ದುಡಿಮೆ ಓಡೋಮೀಟರಿನಲ್ಲಿ ದಾಖಲಾಗುವುದೇ ಇಲ್ಲ. ಅದರದೇ ಗಂಟೆಯ ಮೀಟರನ್ನು ನೋಡಿ 150 ಗಂಟೆಗೊಮ್ಮೆ, ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕು. ವಿ10ಗೆ ತಂದು ಉಳಿದ ತೆಳುವಾದ ಆಯಿಲನ್ನು ಇದಕ್ಕೆ ಸುರಿಯಬೇಡಿ. ಹೊರಗಿನ ಉಷ್ಣತೆಗೆ ತಕ್ಕ ದರ್ಜೆ ಯಾವುದೆಂದು ಜನರೇಟರಿನ ಕೈಪಿಡಿಯ ಕೋಷ್ಟಕದಲ್ಲಿದೆ.

ಮುಂದೊಂದು ದಿನ ನೀವು ದೊಡ್ಡ ಡೀಸೆಲ್ ಮೋಟರ್‌ಹೋಮ್‌ಗೆ ಹೋದರೆ ಈ ಸಲಹೆ ಹಾಗೆಯೇ ಅನ್ವಯಿಸುವುದಿಲ್ಲ. ಹಿಂಬದಿಯಲ್ಲಿರುವ ಸುಮಾರು ಒಂಬತ್ತು ಲೀಟರಿನ ಕಮಿನ್ಸ್ ಎಂಜಿನ್‌ನಿಂದ ಇಪ್ಪತ್ತೈದು ಲೀಟರಿಗೂ ಹೆಚ್ಚು ಆಯಿಲ್ ಇಳಿಯುತ್ತದೆ. ಗಾಳಿ ಚೀಲಗಳ ಮೇಲೆ ನಿಂತ ಅಂಥ ವಾಹನ ಗಾಳಿ ಇಳಿದರೆ ಕೆಳಗಿರುವವರ ಮೇಲೆಯೇ ಕುಸಿಯಬಹುದು. ಅದನ್ನು ನಾನು ಟ್ರಕ್ ಗ್ಯಾರೇಜಿನವರಿಗೇ ಬಿಡುತ್ತೇನೆ.