ಹಬ್ಬಕ್ಕೆ ಬಂದವರು, ಆಸ್ಪತ್ರೆಗೆ ಬಾರದವರು

ಸಂಪಾದಕರ ಉತ್ತರ

ಬೆಂಗಳೂರಿನಲ್ಲಿ ನೆಲೆಸಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ತವರು, ಗಂಡನ ಮನೆ ಎರಡೂ ಕೃಷ್ಣಾ ತೀರದ ಹಳ್ಳಿಗಳು. ಕಳೆದ ಚಳಿಗಾಲದಲ್ಲಿ ಅವರ ಪತಿಗೆ ಪಾರ್ಶ್ವವಾಯು ಹೊಡೆಯಿತು. ಮೊದಲು ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಪ್ರತಿ ವರ್ಷ ಪಂಚಮಿಗೂ ದೀಪಾವಳಿಗೂ ಅವರ ಮನೆ ತುಂಬುತ್ತಿದ್ದ ನೆಂಟರು ಈ ಬಾರಿ ಫೋನ್ ಮಾಡಿ ‘ಏನರ ಬೇಕಾದ್ರ ಹೇಳ್ರಿ’ ಎಂದು ಇಟ್ಟುಬಿಟ್ಟರಂತೆ. ದಿನವೂ ಸ್ಟೀಲ್ ಡಬ್ಬಿಯಲ್ಲಿ ಅನ್ನ, ರಸಂ ಕಳಿಸಿದ್ದು, ಮಗಳನ್ನು ಶಾಲೆಗೆ ಬಿಟ್ಟು ಕರೆತಂದದ್ದು ಎದುರು ಮನೆಯ ತಮಿಳು ಕುಟುಂಬ. ಪತ್ರದ ಕೊನೆಯ ಸಾಲುಗಳು ಹೀಗಿವೆ: ‘ಹಬ್ಬಕ್ಕ ಬರೋರು ಕಷ್ಟಕ್ಕ ಬರಲಿಲ್ಲ. ಅಂಥವರಿಗೆ ಮತ್ತ ಯಾಕ ಉಂಡಿ ಕಟ್ಟಬೇಕು? ಈ ಪಂಚಮಿಗೆ ಮನಿಗೆ ಕೀಲಿ ಹಾಕಿ ಎಲ್ಲಿಗರ ಹೋಗಿಬಿಡೋಣ ಅನಸೇತಿ. ನಿಮ್ಮ ಪತ್ರಿಕೆ ಹಬ್ಬ ಬಂತಂದ್ರ ಸಾಕು, ಬಂಧು-ಬಳಗ ಅಂತ ಬರೀತದ. ಇದೆಲ್ಲ ಬೂಟಾಟಿಕೆ ಅಲ್ಲೇನು?’

ಸೋದರಿ,

ನೆಂಟರನ್ನು ಕ್ಷಮಿಸಿಬಿಡಿ ಎಂದು ಉಪದೇಶ ಮಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಂದೇ ಊರಿನಲ್ಲಿದ್ದೂ ಮಲಗಿದ ಮನುಷ್ಯನನ್ನು ನೋಡಲು ಬಾರದವರ ಮೇಲೆ ಸಿಟ್ಟು ಬರಬೇಕಾದದ್ದೇ. ಆದರೆ ಪಂಚಮಿಯ ಉಂಡಿ (ಸಿಹಿ ಉಂಡೆ) ಕಟ್ಟುವುದನ್ನೇ ನಿಲ್ಲಿಸುತ್ತೇನೆ ಅನ್ನುವ ಮಾತಿಗೆ ನನ್ನದೊಂದು ತಕರಾರಿದೆ. ಅದು ಪ್ರೀತಿ-ವಾತ್ಸಲ್ಯದ ತಕರಾರಲ್ಲ, ಸ್ವಲ್ಪ ವ್ಯವಹಾರದ್ದು.

ರೊಟ್ಟಿ ಹಬ್ಬದಿಂದ ಶುರು ಮಾಡುತ್ತೇನೆ. ನಿಮಗೆ ಹೇಳಬೇಕಿಲ್ಲ, ಹಳೇ ಮೈಸೂರು ಕಡೆಯ ಓದುಗರಿಗಾಗಿ ಒಂದೆರಡು ಮಾತು. ನಮ್ಮ ಕಡೆ ನಾಗರ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಅಂತ ಮಾಡುತ್ತಾರೆ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮಡಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ. ತಾವು ಉಣ್ಣುವುದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದೇ ಆ ದಿನದ ಕೆಲಸ. ರೊಟ್ಟಿಯ ಮೇಲೆ ಪಲ್ಯ ಇಟ್ಟು ಮಕ್ಕಳ ಕೈಗೆ ಕೊಟ್ಟರೆ ಅವರು ಓಡುತ್ತಾರೆ. ಆ ಮನೆಯವರು ತಮ್ಮ ರೊಟ್ಟಿ, ತಮ್ಮ ಪಲ್ಯ ಇಟ್ಟು ಕಳಿಸುತ್ತಾರೆ. ಸಂಜೆಗೆ ಪ್ರತಿ ಮನೆಯಲ್ಲೂ ಹತ್ತು ಮನೆಯ ರೊಟ್ಟಿ. ಯಾರದು ದಪ್ಪ, ಯಾರದು ತೆಳ್ಳಗೆ, ಯಾವ ಮನೆಯ ಚಟ್ನಿಗೆ ಈ ವರ್ಷ ಖಾರ ಹೆಚ್ಚಾಗಿದೆ ಎಂದು ಹೆಂಗಸರು ಟೀಕೆ ಮಾಡುತ್ತಾ ಉಣ್ಣುತ್ತಾರೆ. ಮಾತು ಬಿಟ್ಟ ಮನೆಗೂ ಅವತ್ತು ರೊಟ್ಟಿ ಹೋಗುತ್ತದೆ. ದೊಡ್ಡವರು ಮುಖ ನೋಡದಿದ್ದರೂ ಹುಡುಗ ಹೋಗಿ ಕೊಟ್ಟು ಬರುತ್ತಾನೆ.

(ಈ ರೊಟ್ಟಿ ಊರಿನ ಎಲ್ಲ ಕೇರಿಗೂ ಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಎಲ್ಲಿಗೆ ನಿಲ್ಲುತ್ತಿತ್ತು ಅನ್ನುವುದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು.)

2019ರ ಪಂಚಮಿ ಆಗಸ್ಟ್ 5, ಸೋಮವಾರ. ಹೆಣ್ಣುಮಕ್ಕಳು ತವರಿಗೆ ಬಂದಿದ್ದ ವಾರ. ಅದೇ ವಾರ ಪಶ್ಚಿಮ ಘಟ್ಟದಲ್ಲೂ ಮಹಾರಾಷ್ಟ್ರದಲ್ಲೂ ಮಳೆ ಹುಚ್ಚೆದ್ದು ಸುರಿಯಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದವು. ಚಿಕ್ಕೋಡಿ, ಅಥಣಿ, ಜಮಖಂಡಿ, ಗೋಕಾಕ, ಮುಧೋಳ, ಇತ್ತ ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು, ಎಲ್ಲೆಲ್ಲೂ ನೀರು. ನಿಮ್ಮ ಊರು ಎದ್ದು ಹೋಗಿ ಶಾಲೆಯಲ್ಲಿ ಮಲಗಿದ್ದನ್ನು ನೀವೇ ಬರೆದಿದ್ದೀರಿ.

ಆಗ ಮೊದಲು ಬಂದದ್ದೇನು? ಖಡಕ್ ರೊಟ್ಟಿ. ನೀರು ಬಾರದ ಊರುಗಳಿಂದ ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಮೂಟೆಮೂಟೆ ರೊಟ್ಟಿ, ಅದರ ಜೊತೆ ಪ್ಲಾಸ್ಟಿಕ್ ಚೀಲಗಳಲ್ಲಿ ಶೇಂಗಾ ಚಟ್ನಿ. ಪರಿಹಾರ ಕೇಂದ್ರದಲ್ಲಿ ಬೇಯಿಸಿದ ಅನ್ನ ಸಂಜೆಗೆ ಹಳಸುತ್ತದೆ. ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಂಚುವುದಕ್ಕೆ ಪಾತ್ರೆ ಬೇಡ, ಬೆಂಕಿ ಬೇಡ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಅದನ್ನು ಒಟ್ಟುಮಾಡಿದ ರೀತಿ. ಮನೆಗೆ ಇಷ್ಟು ಎಂದು ಹೇಳಿದರೆ ಸಾಕು, ಸಂಜೆಯೊಳಗೆ ಗುಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ರೊಟ್ಟಿ ರಾಶಿ ಬೀಳುತ್ತಿತ್ತು. ಯಾರ ಮನೆಯಲ್ಲಿ ಹಿಟ್ಟಿದೆ, ಯಾರ ಮನೆಯಲ್ಲಿ ಬಡಿಯುವ ಕೈಗಳು ಹೆಚ್ಚು, ಯಾರ ಹತ್ತಿರ ಗಾಡಿ ಇದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಕೆಲವೇ ದಿನ ಮುಂಚೆ ಅದೇ ಮನೆಗಳಿಂದ ಅದೇ ಮನೆಗಳಿಗೆ ರೊಟ್ಟಿ ಓಡಾಡಿತ್ತು.

2009ರಲ್ಲೂ ಹಾಗೆಯೇ. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಎಂದು ಹೇಳಿದ ಬಾಯಿ ಆರುವ ಮುಂಚೆ ಮಳೆ ಹಿಡಿಯಿತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಲೂ ಸರಕಾರದ ಜೀಪಿಗಿಂತ ಪಕ್ಕದ ಊರಿನ ಬುತ್ತಿ ಮುಂಚೆ ಮುಟ್ಟಿದ ಕಡೆಗಳು ಬೇಕಾದಷ್ಟಿದ್ದವು.

ನನ್ನ ವಾದ ಇಷ್ಟೇ. ಹಬ್ಬದ ಓಡಾಟದಲ್ಲಿ ಪ್ರೀತಿ ಎಷ್ಟಿದೆ, ತೋರಿಕೆ ಎಷ್ಟಿದೆ ಎಂದು ಅಳೆಯುತ್ತಾ ಕೂರುವುದು ದಂಡ. ಎರಡೂ ಇರುತ್ತವೆ. ವರ್ಷಕ್ಕೆ ನಾಲ್ಕು ಸಲ ಆ ಹಾದಿಯಲ್ಲಿ ಓಡಾಡಿರುತ್ತೇವಲ್ಲ, ಕಷ್ಟದ ರಾತ್ರಿ ಕತ್ತಲಲ್ಲೂ ಕಾಲು ದಾರಿ ತಪ್ಪುವುದಿಲ್ಲ.

‘ಹಾಗಾದರೆ ನನ್ನ ನೆಂಟರ ಕಾಲಿಗೆ ಏನಾಗಿತ್ತು?’ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು.

ಒಂದು ಗಮನಿಸಿ. ದೇವರು ದೊಡ್ಡವನು, ನಿಮ್ಮ ಯಜಮಾನರು ಉಳಿದರು. ಆದರೆ ಮಾತಿಗೆ ಹೇಳುತ್ತೇನೆ, ಬೇರೆ ಏನಾದರೂ ಆಗಿದ್ದರೆ ಆ ನೆಂಟರೆಲ್ಲ ರಾತ್ರೋರಾತ್ರಿ ಬಂದಿರುತ್ತಿದ್ದರು. ಬರುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ನಿಮಗೂ ಇರಲಿಕ್ಕಿಲ್ಲ. ಸಾವಿನ ಮನೆಯಲ್ಲಿ ಯಾರು ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಕಟ್ಟಳೆ ಇದೆ. ಆ ಮನೆಯ ಒಲೆ ಹೊತ್ತಿಸಬಾರದು, ಬೀಗರು ಬುತ್ತಿ ಒಯ್ಯಬೇಕು, ಕುಣಿ ತೋಡುವವರು ಯಾರು, ಹೆಗಲು ಕೊಡುವವರು ಯಾರು, ದಿನಕರ್ಮಕ್ಕೆ ಅಕ್ಕಿ ಯಾರದು, ಎಲ್ಲ ಗೊತ್ತಿರುವ ಸಂಗತಿ. ಮುಸ್ಲಿಮರ ಮನೆಯಲ್ಲೂ ಸಾವಾದರೆ ಅಡುಗೆ ನೆಂಟರು, ನೆರೆಯವರಿಂದಲೇ ಬರುತ್ತದೆ. ಮದುವೆಗೂ ಅಷ್ಟೇ, ಬಾಣಂತನಕ್ಕೂ ಅಷ್ಟೇ.

ಆದರೆ ಆರು ತಿಂಗಳು ಮಲಗುವ ಕಾಯಿಲೆಗೆ ಯಾವ ಕಟ್ಟಳೆ ಇದೆ? ಕೆಲಸ ಹೋದ ಮನೆಗೆ ಏನು ಒಯ್ಯಬೇಕು? ಸಾಲಕ್ಕೆ ಸಿಕ್ಕವನ, ಡಯಾಲಿಸಿಸ್ ಮೇಲಿರುವವನ, ಮನಸ್ಸು ಕೆಟ್ಟು ಕೂತ ಹುಡುಗನ ಮನೆಗೆ ಹೋದರೆ ಯಾವ ಮಾತಾಡಬೇಕು? ಹಿಂದೆ ಇಷ್ಟು ದಿನ ಹೀಗೆ ಬದುಕಿ ಉಳಿಯುವವರು ಕಡಿಮೆ, ಹಾಗಾಗಿ ಪದ್ಧತಿಯೂ ಹುಟ್ಟಲಿಲ್ಲವೇನೋ. ಜನ ಒಮ್ಮೆ ಬರುತ್ತಾರೆ, ಎಳನೀರು-ಹಣ್ಣು ಕೊಡುತ್ತಾರೆ, ‘ಧೈರ್ಯ ತಗೋರಿ’ ಅನ್ನುತ್ತಾರೆ. ಎರಡನೇ ಸಲ ಬಂದು ಏನು ಮಾಡಬೇಕು ತಿಳಿಯದೆ ಬರುವುದನ್ನೇ ಬಿಡುತ್ತಾರೆ. ದುಡ್ಡು ಕೇಳಿಬಿಟ್ಟಾರು ಎಂಬ ಭಯವೂ ಇರುತ್ತದೆ, ಇಲ್ಲ ಅನ್ನಬಾರದು. ‘ಏನರ ಬೇಕಾದ್ರ ಹೇಳ್ರಿ’ ಅನ್ನುವ ಮಾತು ಹುಟ್ಟುವುದು ಇಲ್ಲಿಂದ. ನನ್ನನ್ನು ಕೇಳಿದರೆ ಅದರಷ್ಟು ಕೆಲಸಕ್ಕೆ ಬಾರದ ಮಾತು ಇನ್ನೊಂದಿಲ್ಲ. ಗಂಡನಿಗೆ ಮೂಗಿನಿಂದ ಊಟ ಹಾಕುತ್ತಿರುವ ಹೆಂಗಸು ಪಟ್ಟಿ ಬರೆದು ಕಳಿಸಬೇಕೆ? ನಿಮ್ಮ ಎದುರು ಮನೆಯವರು ಏನೂ ಕೇಳಲಿಲ್ಲ. ಡಬ್ಬಿ ಇಟ್ಟರು, ಹುಡುಗಿಯ ಬ್ಯಾಗ್ ಎತ್ತಿಕೊಂಡು ನಡೆದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಸಿಟ್ಟು ಬಂದರೂ ಅಡ್ಡಿಯಿಲ್ಲ. ಹಿಂದೆ ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಇರುತ್ತಿತ್ತು. ಉದ್ದನೆಯ ನೋಟ್‌ಬುಕ್ಕು, ಮೂಲೆಗೆ ಅರಿಶಿನ, ಮೊದಲ ಪುಟದಲ್ಲಿ ಶ್ರೀ. ಚಪ್ಪರದ ಬಾಗಿಲಲ್ಲಿ ಅಕ್ಷರ ಚೆನ್ನಾಗಿದ್ದ ಒಬ್ಬ ಹುಡುಗ ಅದನ್ನು ಹಿಡಿದು ಕೂರುತ್ತಿದ್ದ. ಊರು, ಹೆಸರು, ಕೊಟ್ಟದ್ದು: ಐದು ರೂಪಾಯಿ, ಹನ್ನೊಂದು ರೂಪಾಯಿ, ಐದು ಸೇರು ಅಕ್ಕಿ, ಒಂದು ಕುಪ್ಪಸದ ಕಣ. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿಗೆ ಹೋಗಿ, ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಹೊರಗೆ ಬರುತ್ತಿತ್ತು. ಅವರು ಹನ್ನೊಂದು ಹಾಕಿದ್ದರೆ ನಾವು ಹದಿನೈದು. ಲೆಕ್ಕ ಯಾವತ್ತೂ ಸಮ ಆಗಕೂಡದು, ಸಮವಾದರೆ ಹೋಗಿಬರುವುದಕ್ಕೆ ನೆಪ ಉಳಿಯುವುದಿಲ್ಲ. ಈಗ ಲಗ್ನಪತ್ರಿಕೆಯ ಕೆಳಗೆ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುತ್ತಾರೆ. ಕೇಳುವುದಕ್ಕೆ ಚೆಂದ. ಆದರೆ ನಿಮ್ಮಿಂದ ನಮಗೇನೂ ಬೇಡ ಎಂದು ಸಾವಿರ ಜನಕ್ಕೆ ಹೇಳಿ ಕಳಿಸಿದ ಮೇಲೆ, ಬೇಕಾದ ದಿನ ಅವರು ಬರಲಿಲ್ಲ ಎಂದು ನೊಂದುಕೊಳ್ಳುವುದೂ ಸ್ವಲ್ಪ ವಿಚಿತ್ರವೇ.

ಕಷ್ಟ ಬಂದಾಗ ಬಳಗ ತಾನೇ ಬಾಗಿಲು ಮುಚ್ಚುವುದೂ ಉಂಟು. 2020ರ ಯುಗಾದಿ ಮಾರ್ಚ್ 25ಕ್ಕೆ. ದೇಶಕ್ಕೆ ಲಾಕ್‌ಡೌನ್ ಶುರುವಾದದ್ದು ಅದೇ ದಿನ. ಹಬ್ಬಕ್ಕೆಂದು ಬೆಂಗಳೂರಿನಿಂದ ಹೊರಟ ಮಕ್ಕಳಿಗೆ ಎಷ್ಟೋ ಊರುಗಳ ಜನ ದಾರಿಗೆ ಜಾಲಿಮುಳ್ಳು ಅಡ್ಡ ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ನಿಲ್ಲಿಸಿದ್ದರು. ಹೋದ ವರ್ಷದವರೆಗೆ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದ ಊರು! 2021ರ ಎರಡನೇ ಅಲೆಯಲ್ಲಂತೂ ಸಾವಿನ ಕಟ್ಟಳೆಯೇ ಮುರಿದುಬಿತ್ತು. ಹೆಗಲು ಕೊಡಲು ಮಕ್ಕಳೇ ಹೆದರಿದಾಗ ಬೆಂಗಳೂರಿನಲ್ಲಿ ಮುಸ್ಲಿಂ, ಕ್ರೈಸ್ತ, ಹಿಂದೂ ಹುಡುಗರ ತಂಡಗಳು ಕಿಟ್ ಹಾಕಿಕೊಂಡು, ಗುರುತು-ಪರಿಚಯವಿಲ್ಲದವರಿಗೆ ಅವರವರ ಪದ್ಧತಿಯಂತೆ ಮಣ್ಣು ಕೊಟ್ಟವು, ಬೆಂಕಿ ಇಟ್ಟವು. ಆ ಹುಡುಗರಿಗೆ ಆ ಮನೆಗಳಲ್ಲಿ ಯಾರೂ ಯಾವ ಹಬ್ಬದಲ್ಲೂ ಉಂಡಿ ಕೊಟ್ಟಿರಲಿಲ್ಲ. ಆದ್ದರಿಂದ ಹಬ್ಬ ಮಾಡಿದವರಿಗೆಲ್ಲ ಬಳಗ ಒದಗುತ್ತದೆ ಎಂದು ನಾನು ಗ್ಯಾರಂಟಿ ಕೊಡುವುದಿಲ್ಲ. ಒದಗುವ ಸಂಭವ ಹೆಚ್ಚು, ಅಷ್ಟೇ.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ, ಬಾರದವರ ಹೆಸರುಗಳ ನಡುವೆ, ಒಂದು ಸಾಲು ಹೀಗಿದೆ: ‘ನಮ್ಮ ಯಜಮಾನರ ಚಿಗವ್ವ ಒಬ್ಬಾಕಿ ಬಂದಿದ್ಲು, ಬಂದು ಏನೂ ಮಾಡಲಿಲ್ಲ, ಆಸ್ಪತ್ರಿ ವರಾಂಡದಾಗ ಎರಡು ದಿನ ಸುಮ್ಮನ ಕುಂತು ಹೋದ್ಲು.’

ಆ ಸಾಲನ್ನು ಮತ್ತೊಮ್ಮೆ ಓದಿ ನೋಡಿ. ಎಮ್ಮೆ ಕಟ್ಟಿಕೊಂಡ ಹೆಂಗಸು ಅಂತ ನೀವೇ ಬರೆದಿದ್ದೀರಿ. ಎರಡು ಹೊತ್ತು ಹಿಂಡುವವರನ್ನು ಗೊತ್ತು ಮಾಡಿ, ರಾತ್ರಿ ಬಸ್ಸು ಹಿಡಿದು, ಬೋರ್ಡು ಓದಲು ಬಾರದ ಊರಿನಲ್ಲಿ ಆಸ್ಪತ್ರೆ ಹುಡುಕಿ, ಐಸಿಯು ಬಾಗಿಲ ಹೊರಗೆ ಕೂತಳು. ಒಳಗೆ ಬಿಡಲಿಲ್ಲ. ಮಾತಾಡಲು ಡಾಕ್ಟರ ಭಾಷೆ ಬಾರದು. ಹಳ್ಳಿಯ ಸಾವಿನ ಮನೆಯಲ್ಲೋ ಬಾಣಂತಿಯ ಮನೆಯಲ್ಲೋ ಆಗಿದ್ದರೆ ಅವಳು ಬಂದ ಗಳಿಗೆಯಲ್ಲೇ ಸೆರಗು ಸಿಕ್ಕಿಸಿ ಒಲೆ ಮುಂದೆ ಕೂತಿರುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ಆ ಎರಡು ದಿನ ನೀವು ಮನೆಗೆ ಹೋಗಿ ಸ್ನಾನ ಮಾಡಿ, ನಾಲ್ಕು ತಾಸು ಮಲಗಿ ಬಂದಿರಿ ಅನ್ನುವುದೂ ಅದೇ ಪುಟದಲ್ಲಿದೆ. ವರಾಂಡದಲ್ಲಿ ಒಬ್ಬರು ಕೂತಿದ್ದರಿಂದ ತಾನೇ ಅದು ಸಾಧ್ಯವಾದದ್ದು? ಬಾರದವರ ಪಟ್ಟಿಯಿಂದ ಈಕೆಯ ಹೆಸರನ್ನು ತೆಗೆಯಿರಿ.

ಪಂಚಮಿಗೆ ಕೀಲಿ ಹಾಕಿ ಹೋಗುವುದಾದರೆ ಹೋಗಿ, ನಿಮಗೆ ವಿಶ್ರಾಂತಿ ಬೇಕು. ಮನೆಯಲ್ಲಿ ಇರುವುದಾದರೆ ಒಂದು ಸಲಹೆ: ಉಂಡಿ ಕಟ್ಟಿ, ಆದರೆ ಡಬ್ಬಿಗಳ ಸರದಿ ಬದಲಾಯಿಸಿ. ಮೊದಲ ಡಬ್ಬಿ ಎದುರು ಮನೆಗೆ. ಅವರ ಸ್ಟೀಲ್ ಡಬ್ಬಿ ನಿಮ್ಮಲ್ಲೇ ಉಳಿದಿದ್ದರೆ ಖಾಲಿ ಕಳಿಸಬೇಡಿ, ಶೇಂಗಾ ಉಂಡಿ ತುಂಬಿ ಕಳಿಸಿ. ತಮಿಳರಿಗೆ ಬೆಲ್ಲ-ಶೇಂಗಾ ಹೊಸತೇನಲ್ಲ, ಖುಷಿಯಿಂದ ತಿನ್ನುತ್ತಾರೆ. ಎರಡನೆಯದು ಚಿಗವ್ವನಿಗೆ, ಊರಿಗೆ ಹೋಗುವ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ.

ಮೂರನೆಯದನ್ನು ಕೊಡುವ ಮುಂಚೆ, ‘ಏನರ ಬೇಕಾದ್ರ ಹೇಳ್ರಿ’ ಎಂದವರಿಗೆ ಫೋನ್ ಮಾಡಿ ಹೇಳಿಯೇಬಿಡಿ. ಸಣ್ಣ ಕೆಲಸ ಸಾಕು. ಗುರುವಾರ ಫಿಸಿಯೋಥೆರಪಿಗೆ ಇವರನ್ನು ನೀವು ಕರೆದುಕೊಂಡು ಹೋಗಿ. ಮಗಳ ಪರೀಕ್ಷೆ ಇದೆ, ಎರಡು ದಿನ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಹೀಗೆ ದಿನ, ಹೊತ್ತು, ಕೆಲಸ ಮೂರೂ ಇರಲಿ. ಕೆಲವರು ಓಡಿ ಬರುತ್ತಾರೆ. ಇಷ್ಟು ದಿನ ನಾಚಿಕೆಯಿಂದ ದೂರ ಉಳಿದಿದ್ದೆವು ಎಂದೂ ಅಂದಾರು. ಕೆಲವರು ನೆಪ ಹೇಳುತ್ತಾರೆ. ನೆಪ ಹೇಳಿದವರಿಗೆ ಉಂಡಿ ಕೊಡಬೇಕೋ ಬೇಡವೋ ನೀವೇ ತೀರ್ಮಾನಿಸಿ, ನನ್ನ ಅಭ್ಯಂತರವಿಲ್ಲ.

ಬೂಟಾಟಿಕೆಯ ಪ್ರಶ್ನೆಗೆ ಉತ್ತರ: ಈ ಸಲದ ದೀಪಾವಳಿ ಸಂಚಿಕೆಯಲ್ಲಿ ಬಂಧು-ಬಳಗದ ಪ್ರೀತಿಯ ಬಗ್ಗೆ ಲೇಖನ ಹಾಕುವುದಿಲ್ಲ. ಅದರ ಬದಲು ಓದುಗರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾರೋ ತಿಂಗಳುಗಟ್ಟಲೆ ಮಲಗಿದ್ದಾಗ ಬಂದವರು ಏನು ತಂದರು, ಏನು ಮಾಡಿದರು? ‘ಧೈರ್ಯ ತುಂಬಿದರು’ ಎಂದು ಬರೆಯಬೇಡಿ. ಬಟ್ಟೆ ಒಗೆದರೆ ಬಟ್ಟೆ, ಔಷಧಿ ಅಂಗಡಿಯ ಕ್ಯೂನಲ್ಲಿ ನಿಂತರೆ ಕ್ಯೂ, ರಾತ್ರಿ ಪಾಳಿ ಕೂತರೆ ಪಾಳಿ. ಪತ್ರ ಒಂದು ಪುಟ ಮೀರದಿರಲಿ. ಬಂದದ್ದರಲ್ಲಿ ಬೇರೆ ಮನೆಗೂ ಉಪಯೋಗವಾಗುವಂಥವನ್ನೆಲ್ಲ ಅಚ್ಚು ಹಾಕುತ್ತೇವೆ. ನಿಮ್ಮ ಎದುರು ಮನೆಯವರ ಡಬ್ಬಿಯ ವಿಷಯವನ್ನು ನಿಮ್ಮ ಅನುಮತಿ ಇದ್ದರೆ ಮೊದಲು ಹಾಕುವ ಆಸೆ ಇದೆ. ಒಂದು ಕಾರ್ಡು ಬರೆದು ತಿಳಿಸಿ, ಹೆಸರು ಹಾಕುವುದಿಲ್ಲ.

— ಸಂ.